ಊರು ಬದಲಿಸಿದ ಕಾರು ಮತ್ತೆ ಏಕೆ ತೆರಿಗೆ ಕಟ್ಟಬೇಕು?

ಜರ್ಮನಿಯಲ್ಲಿ ನೋಂದಣಿಯಾದ ಕಾರನ್ನು ನೆದರ್ಲೆಂಡ್ಸ್‌ಗೆ ತಂದು ಇಲ್ಲಿನ ಹಳದಿ ನಂಬರ್ ಪ್ಲೇಟ್ ಹಾಕಿಸಲು ಏನೇನು ಬೇಕು ಅಂತ ನನ್ನನ್ನು ಕೇಳುವವರು ಬಹಳ ಮಂದಿ. ಐಂಡ್‌ಹೋವನ್ ಸುತ್ತಮುತ್ತಲಿನ ಚಿಪ್ ಉದ್ಯಮದ ಕೆಲಸಕ್ಕೆ ಮ್ಯೂನಿಕ್, ಸ್ಟುಟ್‌ಗಾರ್ಟ್, ಡ್ರೆಸ್ಡೆನ್ ಕಡೆಯಿಂದ ಬರುವ ಕನ್ನಡಿಗರಿದ್ದಾರೆ. ಧಾರವಾಡದವಳಾದ ನಾನೂ ಹಾಗೆ ಮ್ಯೂನಿಕ್‌ನಿಂದ ಬಂದವಳೇ. ಬರುವಾಗ ನಮ್ಮ ಹಳೆಯ ಸ್ಕೋಡಾ ಆಕ್ಟೇವಿಯಾವನ್ನೂ ಕರೆತಂದೆ. ಕೇಳಿದವರಿಗೆಲ್ಲ ನಾನು ಹೇಳುವುದು ಒಂದೇ ಮಾತು: ಕಾಗದಪತ್ರಕ್ಕೆ ಹೆದರಬೇಡಿ, ತೆರಿಗೆಯ ನಿಯಮವನ್ನು ಮೊದಲು ಓದಿ, ಆಮೇಲೆ ಕೆಲಸಕ್ಕೆ ಒಪ್ಪಿಕೊಂಡ ಪತ್ರಕ್ಕೆ ಸಹಿ ಹಾಕಿ.

ತಮಾಷೆಗೆ ಹೇಳುತ್ತಿಲ್ಲ. ಕಾರಿನ ಬ್ರೇಕು, ದೀಪ, ಹೊಗೆ ಇವೆಲ್ಲದರ ವಿಷಯದಲ್ಲಿ ಯುರೋಪಿನ ಒಕ್ಕೂಟ ದಶಕಗಳ ಹಿಂದೆಯೇ ಒಮ್ಮತಕ್ಕೆ ಬಂದಿದೆ. ಖಜಾನೆಯ ಮಾತು ಬಂದಾಗ ಮಾತ್ರ 27 ದೇಶಗಳು 27 ಲೆಕ್ಕ ತೆಗೆಯುತ್ತವೆ. ಕಾರು ಕೊಂಡಾಗಲೇ ಅದರ ಆಯುಷ್ಯಕ್ಕೆಲ್ಲ ಸೇರಿಸಿ ತೆರಿಗೆ ಕಿತ್ತುಕೊಂಡು, ಅದು ಊರು ಬಿಟ್ಟಾಗ ಉಳಿಕೆಯನ್ನು ತಾನಾಗಿ ಮರಳಿಸದ ಪದ್ಧತಿ ಇರುವಷ್ಟು ದಿನ ಈ ತಾಪತ್ರಯ ತಪ್ಪುವುದಿಲ್ಲ. ಬೆಂಗಳೂರಿನ ಕಾರನ್ನು ಪುಣೆಗೆ ಒಯ್ದವರಿಗೆ ಇದು ಹೊಸ ಸುದ್ದಿಯೇನಲ್ಲ.

ಮೊದಲು, ಸರಿಯಾಗಿ ನಡೆಯುವ ಅರ್ಧದ ಬಗ್ಗೆ ಹೇಳುತ್ತೇನೆ. ಜರ್ಮನಿಯಲ್ಲಿ ಪ್ರತಿ ಕಾರಿಗೂ ಎರಡು ದಾಖಲೆ. ಒಂದು ಗಾಡಿ ಓಡಿಸುವಾಗ ಜೊತೆಗಿರಬೇಕಾದದ್ದು, ಇನ್ನೊಂದು ಮನೆಯಲ್ಲಿ ಭದ್ರವಾಗಿಡಬೇಕಾದದ್ದು. ಸಾಲ ತೆಗೆದು ಕೊಂಡ ಕಾರಾದರೆ ಎರಡನೆಯದು ಸಾಮಾನ್ಯವಾಗಿ ಬ್ಯಾಂಕಿನಲ್ಲೇ ಇರುತ್ತದೆ. ಹಾಗಾಗಿ ದೇಶ ಬಿಡುವ ಮೊದಲು ಅದನ್ನು ಬಿಡಿಸಿಕೊಳ್ಳುವುದೇ ಮೊದಲ ಕೆಲಸ. ದಾಖಲೆ ಜರ್ಮನ್ ಭಾಷೆಯಲ್ಲಿದೆ, ಡಚ್ ಅಧಿಕಾರಿ ಹೇಗೆ ಓದುತ್ತಾನೆ ಎಂಬ ಚಿಂತೆ ಬೇಡ. 1999ರ ಯುರೋಪಿನ ನಿರ್ದೇಶನವೊಂದು ನೋಂದಣಿ ಪತ್ರದ ಪ್ರತಿ ವಿವರಕ್ಕೂ ಒಂದು ಸಂಕೇತ ಕೊಟ್ಟಿದೆ. ‘ಬಿ’ ಎಂದರೆ ಮೊದಲ ನೋಂದಣಿಯ ದಿನಾಂಕ, ‘ಇ’ ಎಂದರೆ ಚಾಸಿ ನಂಬರು, ‘ಪಿ.1’ ಎಂಜಿನ್ನಿನ ಸಿ.ಸಿ., ‘ಪಿ.2’ ಕಿಲೋವ್ಯಾಟ್‌ನಲ್ಲಿ ಶಕ್ತಿ, ‘ವಿ.7’ ಕಿಲೋಮೀಟರಿಗೆ ಉಗುಳುವ ಇಂಗಾಲದ ಡೈಆಕ್ಸೈಡ್. ಲಿಸ್ಬನ್‌ನಿಂದ ಹೆಲ್ಸಿಂಕಿಯವರೆಗೆ ಅದೇ ಅಕ್ಷರ, ಅದೇ ಅರ್ಥ.

ಇದಕ್ಕಿಂತ ದೊಡ್ಡ ಸಾಧನೆ ಮಾದರಿ ಅನುಮೋದನೆ. ಒಂದು ದೇಶದ ಪ್ರಾಧಿಕಾರ ಒಂದು ಮಾದರಿಯ ಕಾರನ್ನು ಪರೀಕ್ಷಿಸಿ ಒಪ್ಪಿದರೆ ಉಳಿದ ದೇಶಗಳೆಲ್ಲ ಒಪ್ಪಲೇಬೇಕು. ಕಾರಿನ ಬಿಡಿಭಾಗಗಳ ಮೇಲೆ ಸಣ್ಣ ‘ಇ’ ಅಕ್ಷರ, ಪಕ್ಕದಲ್ಲಿ ಒಂದು ಅಂಕಿ ಕಾಣುತ್ತದೆ. 1 ಎಂದರೆ ಜರ್ಮನಿ ಒಪ್ಪಿದ್ದು, 2 ಎಂದರೆ ಫ್ರಾನ್ಸ್, 4 ಎಂದರೆ ನೆದರ್ಲೆಂಡ್ಸ್. ಈ ಅನುಮೋದನೆಯ ಪ್ರಕಾರವೇ ಈ ಕಾರು ತಯಾರಾಗಿದೆ ಎಂದು ಕಂಪನಿ ಕೊಡುವ ಅನುಸರಣಾ ಪತ್ರ ನಿಮ್ಮ ಹತ್ತಿರ ಇದ್ದರೆ ಅರ್ಧ ಯುದ್ಧ ಗೆದ್ದಂತೆ. ಕಾರು ಕೊಳ್ಳುವಾಗ ಈ ಪತ್ರವನ್ನು ಕೇಳಿ ಪಡೆದಿಡುವುದು ಜಾಣತನ. ಆಮೇಲೆ ನಕಲು ಬೇಕೆಂದರೆ ಕಂಪನಿಗಳು ಒಂದೇ ಹಾಳೆಗೆ ದಂಡಿಯಾಗಿ ದುಡ್ಡು ಕೇಳುತ್ತವೆ.

ನೆದರ್ಲೆಂಡ್ಸ್‌ನಲ್ಲಿ ವಾಹನ ನೋಂದಣಿ ನೋಡಿಕೊಳ್ಳುವುದು ಆರ್‌ಡಿಡಬ್ಲ್ಯು ಎಂಬ ಪ್ರಾಧಿಕಾರ. ಅದರ ತಪಾಸಣಾ ಕೇಂದ್ರಕ್ಕೆ ಮೊದಲೇ ಸಮಯ ಗೊತ್ತು ಮಾಡಿಕೊಂಡು ಕಾರು ಒಯ್ಯಬೇಕು. ನಮ್ಮ ಆರ್‌ಟಿಒ ಮುಂದೆ ಪೆನ್ಸಿಲ್ ಉಜ್ಜಿ ಚಾಸಿ ನಂಬರಿನ ಅಚ್ಚು ತೆಗೆಯುತ್ತಿದ್ದುದನ್ನು ನೋಡಿ ಬೆಳೆದವಳು ನಾನು. ಇಲ್ಲಿಯೂ ತಪಾಸಣೆಗಾರ ಮೊದಲು ನೋಡಿದ್ದು ಚಾಸಿ ನಂಬರನ್ನೇ. ಮುಂಗಾಜಿನ ಕೆಳಗೊಮ್ಮೆ, ದೇಹದ ಮೇಲೊಮ್ಮೆ ಓದಿಕೊಂಡು ಜರ್ಮನ್ ದಾಖಲೆಯ ‘ಇ’ ಸಾಲಿಗೆ ತಾಳೆ ಹಾಕಿದ. ಎರಡೂ ಜರ್ಮನ್ ಕಾಗದಗಳನ್ನು ಅಲ್ಲೇ ಇಟ್ಟುಕೊಂಡರು. ಬ್ಯಾಂಕ್ ಕಾರ್ಡಿನಷ್ಟೇ ದೊಡ್ಡ ಹೊಸ ನೋಂದಣಿ ಕಾರ್ಡು ಆಮೇಲೆ ಅಂಚೆಯಲ್ಲಿ ಬಂತು. ಅದನ್ನು ತೋರಿಸಿ, ಮಾನ್ಯತೆ ಪಡೆದ ಅಂಗಡಿಯಲ್ಲಿ ಪ್ಲೇಟು ಮಾಡಿಸಿಕೊಳ್ಳಬೇಕು. ಜರ್ಮನಿಯಲ್ಲಿ ಪ್ಲೇಟಿನ ಮೊದಲ ಅಕ್ಷರ ಊರು ಹೇಳುತ್ತದೆ, ಮುಂದಿನದನ್ನು ಮಾಲೀಕರು ಆಯ್ದುಕೊಳ್ಳಬಹುದು. ಇಲ್ಲಿ ನಂಬರು ಕಾರಿನದೇ ಸ್ವತ್ತು. ಎಷ್ಟು ಕೈ ಬದಲಾದರೂ ಗುಜರಿಗೆ ಹೋಗುವವರೆಗೆ ಅದಕ್ಕೆ ಅದೇ ನಂಬರು.

ಕಾರು ಇಲ್ಲಿ ದಾಖಲಾಯಿತು ಎಂಬ ಸುದ್ದಿಯನ್ನು ಜರ್ಮನಿಯ ಫ್ಲೆನ್ಸ್‌ಬುರ್ಗ್‌ನಲ್ಲಿರುವ ಕೇಂದ್ರ ವಾಹನ ಕಚೇರಿಗೆ ಮುಟ್ಟಿಸುವುದೂ ನನ್ನ ಕೆಲಸವಲ್ಲ. ಹೊಸ ದೇಶ ಹಳೆಯ ದೇಶಕ್ಕೆ ಎರಡು ತಿಂಗಳೊಳಗೆ ತಿಳಿಸಬೇಕು ಎಂದು ಅದೇ 1999ರ ನಿರ್ದೇಶನ ಹೇಳುತ್ತದೆ. ಯೂಕಾರಿಸ್ ಎಂಬ ಜಾಲದ ಮೂಲಕ ಈ ಕಚೇರಿಗಳು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತವೆ. ಕಾಗದದ ಕಥೆ ಇಷ್ಟೇ. ಇದರಲ್ಲಿ ಗೊಣಗುವಂಥದ್ದು ನನಗೇನೂ ಕಾಣಲಿಲ್ಲ.

ಗೊಣಗಾಟ ಶುರುವಾಗುವುದು ಮೂರಕ್ಷರದ ತೆರಿಗೆಯಿಂದ. ಅದರ ಹೆಸರು ಬಿಪಿಎಂ. ನೆದರ್ಲೆಂಡ್ಸ್‌ನ ರಸ್ತೆಗೆ ಮೊದಲ ಸಲ ಇಳಿಯುವ ಕಾರು, ಅದು ಹೊಸದಿರಲಿ ಹಳೆಯದಿರಲಿ, ಉಗುಳುವ ಹೊಗೆಯ ಲೆಕ್ಕದಲ್ಲಿ ಒಮ್ಮೆ ಕಟ್ಟಬೇಕಾದ ತೆರಿಗೆ ಇದು. ಡೀಸೆಲ್‌ಗೆ ಮೇಲೊಂದು ಹೆಚ್ಚುವರಿ. ಜರ್ಮನಿಯಲ್ಲಿ ಇಂಥದ್ದು ಇಲ್ಲವೇ ಇಲ್ಲ. ಅಲ್ಲಿರುವುದು ವಾರ್ಷಿಕ ತೆರಿಗೆ. ಪೆಟ್ರೋಲ್ ಕಾರಿಗೆ ಪ್ರತಿ 100 ಸಿ.ಸಿ.ಗೆ 2 ಯೂರೊ, ಅದರ ಮೇಲೆ ಹೊಗೆಗೊಂದಿಷ್ಟು. ನನ್ನ 1.4 ಲೀಟರಿನ ಆಕ್ಟೇವಿಯಾಕ್ಕೆ ವರ್ಷಕ್ಕೆ ಸುಮಾರು 80 ಯೂರೊ ಬೀಳುತ್ತಿತ್ತು. ನೋಂದಣಿ ರದ್ದಾದ ದಿನದವರೆಗಿನದನ್ನು ಮಾತ್ರ ಹಿಡಿದುಕೊಂಡು ಉಳಿದದ್ದನ್ನು ಖಾತೆಗೆ ವಾಪಸು ಹಾಕಿದರು. ಅರ್ಜಿಯಿಲ್ಲ, ಅಲೆದಾಟವಿಲ್ಲ. ನೆದರ್ಲೆಂಡ್ಸ್‌ನಲ್ಲಿ ಒಮ್ಮೆಯ ಬಿಪಿಎಂ ಜೊತೆಗೆ ಕಾರಿನ ತೂಕ, ಇಂಧನ, ನೀವಿರುವ ಪ್ರಾಂತ್ಯ ನೋಡಿ ರಸ್ತೆ ತೆರಿಗೆಯೂ ಉಂಟು. ಜರ್ಮನಿಯಲ್ಲಿ ವರ್ಷಕ್ಕೆ ಕಟ್ಟುತ್ತಿದ್ದುದಕ್ಕಿಂತ ಹೆಚ್ಚನ್ನು ಇಲ್ಲಿ ಮೂರೇ ತಿಂಗಳಿಗೆ ಕಟ್ಟುತ್ತೇನೆ.

ಮನೆ ಸ್ಥಳಾಂತರಿಸುವವರಿಗೆ ಬಿಪಿಎಂ ವಿನಾಯಿತಿ ಇದೆ. ಷರತ್ತುಗಳು: ಹಿಂದಿನ 12 ತಿಂಗಳಾದರೂ ನೆದರ್ಲೆಂಡ್ಸ್ ಹೊರಗೆ ವಾಸವಿರಬೇಕು. ಕಾರು ಕನಿಷ್ಠ 6 ತಿಂಗಳಿಂದ ನಿಮ್ಮದಾಗಿದ್ದು ನೀವು ಬಳಸಿರಬೇಕು. ತಂದ ಮೇಲೆ 12 ತಿಂಗಳು ಮಾರುವಂತಿಲ್ಲ, ಬಾಡಿಗೆಗೆ ಕೊಡುವಂತಿಲ್ಲ. ಹಳೆಯ ಮನೆಯ ವಿಳಾಸ ರದ್ದುಪಡಿಸಿದ ಪತ್ರ, ಹೊಸ ಮನೆಯ ಕರಾರು, ಕಾರು ಕೊಂಡ ರಸೀದಿ, ವಿಮೆಯ ದಾಖಲೆ ಎಲ್ಲ ಲಗತ್ತಿಸಿ, ನೋಂದಣಿಗೆ ಮೊದಲೇ ಅನುಮತಿ ಪಡೆಯಬೇಕು. ನನಗೆ ಸಿಕ್ಕಿತು. ದಾವಣಗೆರೆಯ ಗೆಳೆಯರೊಬ್ಬರಿಗೆ ಸಿಗಲಿಲ್ಲ. ಮಗು ಹುಟ್ಟಿತು ಅಂತ ಬರ್ಲಿನ್‌ನಲ್ಲಿ ದೊಡ್ಡ ಕಾರು ಕೊಂಡಿದ್ದರು. ಆರು ತಿಂಗಳು ತುಂಬುವ ಮೊದಲೇ ಇಲ್ಲಿ ಕೆಲಸ ಸಿಕ್ಕಿತು. ಜರ್ಮನಿಯಲ್ಲಿ ಮೌಲ್ಯವರ್ಧಿತ ತೆರಿಗೆ ಕಟ್ಟಿ ಕೊಂಡ ಕಾರಿಗೆ ಇಲ್ಲಿ ಸವಕಳಿ ಕಳೆದು ಬಿಪಿಎಂ ಲೆಕ್ಕ ಹಾಕಿಸಿ, ಅದನ್ನೂ ಕಟ್ಟಿದರು. ಆ ಕಾರು ನಿನ್ನೆ ಉಗುಳಿದಷ್ಟೇ ಹೊಗೆಯನ್ನು ಇಂದೂ ಉಗುಳುತ್ತದೆ. ನಡುವೆ ಬದಲಾದದ್ದು ಅದು ರಾತ್ರಿ ನಿಲ್ಲುವ ಜಾಗ ಒಂದೇ.

ವಿಮೆಯದೂ ಒಂದು ಕಿರಿಕಿರಿ ಇತ್ತು. ಜರ್ಮನಿಯಲ್ಲಿ ಅಪಘಾತವಿಲ್ಲದೆ ಓಡಿಸಿದ ವರ್ಷಗಳಿಗೆ ಸಿಗುತ್ತಿದ್ದ ರಿಯಾಯಿತಿಯನ್ನು ಇಲ್ಲಿನ ಒಂದು ವಿಮಾ ಕಂಪನಿ ಲೆಕ್ಕಕ್ಕೆ ಹಿಡಿಯಲು ಒಪ್ಪಲಿಲ್ಲ. ಇನ್ನೊಂದು ಕಂಪನಿ ಒಪ್ಪಿತು. ಬೇರೆ ದೇಶದ ದಾಖಲೆ ಎಂಬ ಕಾರಣಕ್ಕೆ ಗ್ರಾಹಕರಿಗೆ ಭೇದ ಮಾಡಬಾರದು ಎಂದು 2021ರ ನಿರ್ದೇಶನ ಹೇಳಿದೆ. ಆ ಗಂಟು ಈಗ ಸಡಿಲಗೊಂಡಿದೆ.

ತೆರಿಗೆಯ ಗಂಟು ಮಾತ್ರ ಬಿಗಿಯಾಗಿಯೇ ಇದೆ. ಡೆನ್ಮಾರ್ಕ್‌ನಲ್ಲಿ ನೋಂದಣಿ ತೆರಿಗೆ ಕಾರಿನ ಬೆಲೆಯ ಮೇಲೆ ಹಂತಹಂತವಾಗಿ ಶೇ 25, ಶೇ 85, ಶೇ 150. ಮೇಲಿನ ಹಂತ ಹಿಂದೆ ಶೇ 180ರಷ್ಟಿತ್ತು. ಆಸ್ಟ್ರಿಯಾದ್ದು ನೋವಾ, ಪೋರ್ಚುಗಲ್‌ನದ್ದು ಐಎಸ್‌ವಿ, ಐರ್ಲೆಂಡ್‌ನದ್ದು ವಿಆರ್‌ಟಿ. ಹೆಸರು ಬೇರೆ, ಲೆಕ್ಕ ಬೇರೆ, ಗಡುವು ಬೇರೆ. ಲಂಡನ್‌ನಿಂದ ಡಬ್ಲಿನ್‌ಗೆ ಕೆಲಸ ಬದಲಿಸುವ ನಮ್ಮವರ ಪಾಡು ಇನ್ನೂ ಕಷ್ಟ. ಬ್ರಿಟನ್ ಒಕ್ಕೂಟದಿಂದ ಹೊರಬಿದ್ದ ಮೇಲೆ, 2021ರಿಂದ, ಅಲ್ಲಿನ ಕಾರು ಐರ್ಲೆಂಡಿಗೆ ವಿದೇಶಿ ಸರಕು. ಸ್ಥಳಾಂತರದ ವಿನಾಯಿತಿ ಸಿಗದಿದ್ದರೆ ವಿಆರ್‌ಟಿ ಜೊತೆಗೆ ಮೌಲ್ಯವರ್ಧಿತ ತೆರಿಗೆ ಶೇ 23, ಕಸ್ಟಮ್ಸ್ ಸುಂಕವೂ ಮೈಮೇಲೆ ಬರಬಹುದು.

ಇದನ್ನು ಸರಿಪಡಿಸಲು ಯಾರೂ ಯತ್ನಿಸಲಿಲ್ಲ ಎನ್ನುವಂತಿಲ್ಲ. 2005ರಲ್ಲಿ ಯುರೋಪಿನ ಆಯೋಗ ಒಂದು ಪ್ರಸ್ತಾವ ಮುಂದಿಟ್ಟಿತು. ನೋಂದಣಿ ತೆರಿಗೆಯನ್ನು ಹಂತಹಂತವಾಗಿ ಕೈಬಿಟ್ಟು ವಾರ್ಷಿಕ ತೆರಿಗೆಗೆ ಹೊರಳೋಣ, ಅಲ್ಲಿಯವರೆಗೆ ದೇಶ ಬಿಡುವ ಕಾರಿನ ತೆರಿಗೆಯಲ್ಲಿ ಉಳಿದ ಭಾಗವನ್ನು ಮರಳಿಸೋಣ ಎಂದಿತು. ತೆರಿಗೆಯ ವಿಷಯದಲ್ಲಿ ಒಕ್ಕೂಟದ ಎಲ್ಲ ದೇಶಗಳೂ ಒಪ್ಪಬೇಕು, ಒಂದು ತಲೆ ಅಡ್ಡಡ್ಡ ಆಡಿದರೂ ಮುಗಿಯಿತು. ಪ್ರಸ್ತಾವ ಅಲ್ಲೇ ಒಣಗಿತು. ಮರುನೋಂದಣಿಯ ಕ್ರಮವನ್ನು ಸರಳಗೊಳಿಸಲು 2012ರಲ್ಲಿ ಬಂದ ಇನ್ನೊಂದು ಪ್ರಸ್ತಾವವೂ ಕಾನೂನಾಗಲಿಲ್ಲ.

ಶಾಸನ ಸೋತಲ್ಲಿ ಲಕ್ಸೆಂಬರ್ಗ್‌ನಲ್ಲಿರುವ ಒಕ್ಕೂಟದ ನ್ಯಾಯಾಲಯ ಒಂದೊಂದೇ ಮೊಳೆ ಕೀಳುತ್ತ ಬಂದಿದೆ. ಫ್ರಾನ್ಸ್‌ನಲ್ಲಿ ಕಾರಿನ ತೆರಿಗೆ ಶಕ್ತಿಗೆ ತಕ್ಕಂತೆ ಮೆಲ್ಲಗೆ ಏರುತ್ತ ಹೋಗಿ, 16 ತೆರಿಗೆ ಅಶ್ವಶಕ್ತಿ ದಾಟಿದೊಡನೆ ಹಲವು ಪಟ್ಟಾಗಿ ಜಿಗಿಯುತ್ತಿತ್ತು. ಆ ಗೆರೆಯಾಚೆಗಿನ ಕಾರನ್ನು ಫ್ರಾನ್ಸ್‌ನಲ್ಲಿ ಯಾರೂ ತಯಾರಿಸುತ್ತಿರಲಿಲ್ಲ. ಪೆಟ್ಟು ಬೀಳುತ್ತಿದ್ದುದು ಹೊರಗಿನ ಕಾರಿಗಷ್ಟೇ. 1985ರ ಉಂಬ್ಲೋ ಪ್ರಕರಣದಲ್ಲಿ ನ್ಯಾಯಾಲಯ ಇದು ಸಲ್ಲದು ಎಂದಿತು. ರೊಮೇನಿಯಾ 2008ರಲ್ಲಿ ಮಾಲಿನ್ಯ ತೆರಿಗೆ ತಂದಿತು. ಜರ್ಮನಿಯಿಂದ ತಂದ ಹಳೆಯ ಕಾರು ಅದನ್ನು ಕಟ್ಟಬೇಕು, ಅಷ್ಟೇ ಹಳೆಯ, ಅಷ್ಟೇ ಹೊಗೆಯ ಸ್ಥಳೀಯ ಕಾರು ಕಟ್ಟಬೇಕಿಲ್ಲ. 2011ರ ಟಾಟು ತೀರ್ಪು ಅದನ್ನೂ ಒಪ್ಪಲಿಲ್ಲ. ನನಗೆ ಬಲು ಇಷ್ಟವಾದದ್ದು 2014ರ ಮಾರ್ಚ್‌ನ ಜೋಡಿ ತೀರ್ಪು. ಬ್ರಿಟನ್, ಐರ್ಲೆಂಡ್‌ಗಳಿಂದ ಊರಿಗೆ ಮರಳುವವರು ತರುವ ಕಾರಿನ ಸ್ಟೀರಿಂಗ್ ನಮ್ಮಲ್ಲಿಯಂತೆ ಬಲಗಡೆ ಇರುತ್ತದೆ. ಅದನ್ನು ಎಡಕ್ಕೆ ಬದಲಿಸಿಕೊಂಡು ಬಂದರಷ್ಟೇ ನೋಂದಣಿ ಎಂದು ಪೋಲೆಂಡ್ ಮತ್ತು ಲಿಥುವೇನಿಯಾ ಪಟ್ಟು ಹಿಡಿದಿದ್ದವು. ಪ್ರವಾಸಿಗಳು ಅದೇ ಕಾರಿನಲ್ಲಿ ನಿಮ್ಮ ರಸ್ತೆಯಲ್ಲಿ ಓಡಾಡುವಾಗ ಇಲ್ಲದ ಅಪಾಯ ನಿವಾಸಿಯ ಕಾರಿಗೆ ಮಾತ್ರ ಹೇಗೆ ಬರುತ್ತದೆ ಎಂಬ ಪ್ರಶ್ನೆಯ ಮುಂದೆ ಆ ನಿಯಮ ನಿಲ್ಲಲಿಲ್ಲ.

ನ್ಯಾಯಾಲಯ ಭೇದಭಾವ ತಡೆಯಬಲ್ಲದು, ತೆರಿಗೆಯನ್ನೇ ತೆಗೆಯಲಾರದು. ತೆಗೆಯಬಾರದು ಎನ್ನುವವರ ವಾದವೂ ಹಗುರವಲ್ಲ. ಕಾರು ಕೊಳ್ಳುವ ಕ್ಷಣದಲ್ಲಿ ದೊಡ್ಡ ಮೊತ್ತ ಕಣ್ಣಿಗೆ ಕಂಡರೆ ಮಾತ್ರ ಜನ ಸಣ್ಣ, ಸ್ವಚ್ಛ ಕಾರಿನತ್ತ ತಿರುಗುತ್ತಾರೆ, ವರ್ಷಕ್ಕೆ 80 ಯೂರೊ ಯಾರ ಮನಸ್ಸನ್ನೂ ಬದಲಿಸದು ಎನ್ನುತ್ತಾರೆ. ಒಕ್ಕೂಟದ ಹೊರಗಿನ ನಾರ್ವೆಯನ್ನು ತೋರಿಸುತ್ತಾರೆ. ಪೆಟ್ರೋಲ್, ಡೀಸೆಲ್ ಕಾರಿಗೆ ಭಾರಿ ನೋಂದಣಿ ತೆರಿಗೆ, ವಿದ್ಯುತ್ ಕಾರಿಗೆ ದೀರ್ಘಕಾಲ ರಿಯಾಯಿತಿ. ಫಲವಾಗಿ 2024ರಲ್ಲಿ ಅಲ್ಲಿ ಮಾರಾಟವಾದ ಹತ್ತು ಹೊಸ ಕಾರುಗಳಲ್ಲಿ ಸುಮಾರು ಒಂಬತ್ತು ವಿದ್ಯುತ್ತಿನವು. ಈ ವಾದವನ್ನು ನಾನು ಒಪ್ಪುತ್ತೇನೆ. ಕೊಳ್ಳುವಾಗ ಕಣ್ಣಿಗೆ ಕಾಣುವ ತೆರಿಗೆಯೇ ಇರಲಿ. ಕಾರು ಊರು ಬಿಟ್ಟಾಗ ಅದರ ಉಳಿಕೆ ಯಾರದು ಎಂಬುದಷ್ಟೇ ನನ್ನ ತಕರಾರು.

ಬೆಂಗಳೂರಿನಲ್ಲಿ ಬಾಡಿಗೆ ಮನೆಗೆ ಅಡ್ವಾನ್ಸ್ ಕೊಟ್ಟವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ದೊಡ್ಡ ಮೊತ್ತ ಮುಂಗಡ ಕೇಳುವುದು ಮಾಲೀಕನ ಇಷ್ಟ. ಮನೆ ಖಾಲಿ ಮಾಡಿದ ದಿನ ಲೆಕ್ಕ ಚುಕ್ತಾ ಮಾಡಿ ಉಳಿದದ್ದು ಕೊಡುವುದು ಅವನ ಕರ್ತವ್ಯ. ನೆದರ್ಲೆಂಡ್ಸ್ ಈ ಕರ್ತವ್ಯ ಒಪ್ಪಿಕೊಂಡಿದೆ. ಇಲ್ಲಿಂದ ಬೇರೆ ದೇಶಕ್ಕೆ ಹೋಗಿ ನೋಂದಣಿಯಾದ ಕಾರಿನ ಬಿಪಿಎಂ ಉಳಿಕೆಯನ್ನು ಕೇಳಿ ಪಡೆಯಬಹುದು. ಡೆನ್ಮಾರ್ಕ್‌ನಲ್ಲೂ ಅಂಥ ಏರ್ಪಾಟಿದೆ. ಆದರೆ ಕೇಳಬೇಕು, ದಾಖಲೆ ಹೊಂದಿಸಬೇಕು, ಕಾಯಬೇಕು. ಹೊಸ ದೇಶದಲ್ಲಿ ಅಷ್ಟರೊಳಗೆ ಕೈಯಿಂದ ಕಟ್ಟಿಯಾಗಿರಬೇಕು. ಒಂದು ಕಾರು ನೋಂದಣಿಯಾದ ಸುದ್ದಿಯನ್ನು ತಾವೇ ಮುಟ್ಟಿಸಿಕೊಳ್ಳುವ ಕಚೇರಿಗಳು ಅದೇ ಜಾಲದಲ್ಲಿ ತೆರಿಗೆಯ ಉಳಿಕೆಯನ್ನೂ ಹೇಳಿಕೊಂಡು, ಹಳೆಯ ಖಜಾನೆ ಹೊಸ ಖಜಾನೆಗೆ ನೇರವಾಗಿ ಕಟ್ಟಬಾರದೇಕೆ? ವ್ಯತ್ಯಾಸ ಉಳಿದರೆ ಅಷ್ಟನ್ನೇ ನಾಗರಿಕ ಕೊಡಲಿ, ಇಲ್ಲವೇ ಪಡೆಯಲಿ. ಇದಕ್ಕೆ ತೆರಿಗೆಯ ದರ ಒಂದಾಗಬೇಕಿಲ್ಲ.

ಇದನ್ನೆಲ್ಲ ಫೋನಿನಲ್ಲಿ ಅಪ್ಪನಿಗೆ ಹೇಳಿದಾಗ ಅವರು ನಕ್ಕರು. ಬ್ಯಾಂಕಿನ ನೌಕರಿಯಲ್ಲಿ ಧಾರವಾಡದಿಂದ ಕೊಲ್ಹಾಪುರಕ್ಕೆ, ಅಲ್ಲಿಂದ ಹೈದರಾಬಾದಿಗೆ ವರ್ಗವಾಗುತ್ತ, ಬಜಾಜ್ ಚೇತಕ್ ಸ್ಕೂಟರಿನ ಎನ್‌ಒಸಿಗಾಗಿ ಆರ್‌ಟಿಒ ಏಜೆಂಟರ ಬೆನ್ನು ಹತ್ತಿದವರು ಅವರು. “ಅಲ್ಲವಾ, ದೇಶಾ ಬ್ಯಾರೆ ಬ್ಯಾರೆ ಇದ್ರೂ ನಿಮ್ಮಲ್ಲಿ ಕಾಗದ ತಾನಾ ಹೋಗತದ. ನಮ್ಮದು ಒಂದಾ ದೇಶ, ನಾನಾ ಹೊತಗೊಂಡು ತಿರಗಬೇಕಾತು,” ಅಂದರು.

ಮಾತು ಉತ್ಪ್ರೇಕ್ಷೆಯದಲ್ಲ. 1988ರ ಮೋಟಾರು ವಾಹನ ಕಾಯ್ದೆಯ 46ನೇ ಕಲಂ ಪ್ರಕಾರ ಒಂದು ರಾಜ್ಯದ ನೋಂದಣಿ ಇಡೀ ದೇಶಕ್ಕೆ ಸಲ್ಲುತ್ತದೆ. ಮರು ಕಲಂನಲ್ಲೇ, 12 ತಿಂಗಳು ಮೀರಿ ಬೇರೆ ರಾಜ್ಯದಲ್ಲಿ ಇಟ್ಟರೆ ಹೊಸ ನಂಬರು ಪಡೆಯಬೇಕು ಎಂದಿದೆ. ನಂಬರಿನ ಹಿಂದೆಯೇ ತೆರಿಗೆ. ಕರ್ನಾಟಕದಲ್ಲಿ ಪೆಟ್ರೋಲ್, ಡೀಸೆಲ್ ಕಾರಿನ ಆಜೀವ ತೆರಿಗೆ ಬೆಲೆಗೆ ತಕ್ಕಂತೆ ಶೇ 13ರಿಂದ ಶೇ 18, ಸೆಸ್ ಬೇರೆ. 2014ರಲ್ಲಿ ನಮ್ಮ ರಾಜ್ಯ ಇನ್ನೂ ಮುಂದೆ ಹೋಗಿ, ಹೊರ ರಾಜ್ಯದ ವಾಹನ 30 ದಿನ ಮೀರಿ ಇಲ್ಲಿದ್ದರೆ ಆಜೀವ ತೆರಿಗೆ ಕಟ್ಟಬೇಕು ಎಂದು ಕಾನೂನು ತಿದ್ದಿತ್ತು. ಆ ತಿದ್ದುಪಡಿ ಹೈಕೋರ್ಟಿನಲ್ಲಿ ಬಿದ್ದುಹೋಯಿತು. 2021ರಲ್ಲಿ ಬಂದ ‘ಬಿಎಚ್’ ನಂಬರಿನ ಸರಣಿ ಸರಿಯಾದ ದಾರಿ ಹಿಡಿದಿದೆ. ಎರಡೆರಡು ವರ್ಷಕ್ಕೆ ತೆರಿಗೆ ಕಟ್ಟಿದರಾಯಿತು, ನಂಬರು ಬದಲಿಸುವ ಗೋಜಿಲ್ಲ. ಆದರೆ ಅದು ಸಿಗುವುದು ಸರ್ಕಾರಿ, ರಕ್ಷಣಾ, ಸಾರ್ವಜನಿಕ ಉದ್ದಿಮೆಗಳ ನೌಕರರಿಗೆ ಮತ್ತು ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿ ಇರುವ ಖಾಸಗಿ ಕಂಪನಿಯವರಿಗೆ. ಗಂಗಾವತಿಯಿಂದ ಹೈದರಾಬಾದಿಗೆ ಹೋಗಿ ಅಂಗಡಿ ಇಡುವವನಿಗೆ ಅದು ಸಿಗದು.

ಯುರೋಪಿಗೆ ಇಲ್ಲದ ಒಂದು ಅನುಕೂಲ ನಮಗಿದೆ. ನೋಂದಣಿಯ ವಿವರವಿರುವ ‘ವಾಹನ್’ ದತ್ತಾಂಶ ಹೆಚ್ಚುಕಡಿಮೆ ದೇಶಕ್ಕೆಲ್ಲ ಒಂದೇ. ಪುಣೆಯಲ್ಲಿ ಕಾರು ಮರುನೋಂದಣಿಯಾದದ್ದು ಬೆಂಗಳೂರಿಗೆ ತಿಳಿಯಲು ಯಾವ ಒಪ್ಪಂದವೂ ಬೇಕಿಲ್ಲ. ಹಾಗಿದ್ದೂ ಹೊಸ ರಾಜ್ಯದಲ್ಲಿ ತೆರಿಗೆ ಕಟ್ಟಿ, ಹೊಸ ಆರ್‌ಸಿ ಪಡೆದು, ಅದರ ಪ್ರತಿ ಲಗತ್ತಿಸಿ, ಹಳೆಯ ಆರ್‌ಟಿಒದಲ್ಲಿ ಮರುಪಾವತಿಗೆ ಅರ್ಜಿ ಹಾಕುವ ಹೊರೆ ಇಂದಿಗೂ ಮಾಲೀಕನ ಮೇಲೆಯೇ ಇದೆ. ಎಷ್ಟೋ ಮಂದಿ ಅಷ್ಟರಲ್ಲಿ ಸುಸ್ತಾಗಿ ಬಿಟ್ಟುಬಿಡುತ್ತಾರೆ. ಹಾಗೆ ಬಿಟ್ಟ ಹಣ ರಾಜ್ಯದ ಆದಾಯವಲ್ಲ, ಜನರಿಗೆ ತೀರಿಸಬೇಕಾದ ಸಾಲ.

ಬಿಎಚ್ ಸರಣಿಯ ಬಾಗಿಲನ್ನು ಎಲ್ಲರಿಗೂ ತೆರೆಯಬೇಕು. ಆಜೀವ ತೆರಿಗೆ ಇಟ್ಟುಕೊಳ್ಳುವುದೇ ಆದರೆ, ಇನ್ನೊಂದು ರಾಜ್ಯದ ನಂಬರು ಬಿದ್ದ ದಿನವೇ ಉಳಿಕೆ ಖಾತೆಗೆ ಬರುವಂತೆ ಮಾಡಬೇಕು. ಇಪ್ಪತ್ತೇಳು ಸಾರ್ವಭೌಮ ದೇಶಗಳು ತೆರಿಗೆಯಲ್ಲಿ ಒಮ್ಮತಕ್ಕೆ ಬರುವುದು ಕಷ್ಟ, ಅದನ್ನು ಬ್ರಸೆಲ್ಸ್ ಈಗಾಗಲೇ ಕಂಡುಕೊಂಡಿದೆ. ಒಂದೇ ಕಾಯ್ದೆ, ಹೆಚ್ಚುಕಡಿಮೆ ಒಂದೇ ದತ್ತಾಂಶ ಇರುವ ನಾವು ಆ ನೆಪ ಹೇಳುವಂತಿಲ್ಲ.